ಗಡಿ ದಾಟಿ ಗಾಳ ಹಾಕಲು: ಮಿನಿಯಾಪೊಲಿಸ್‌ನಿಂದ ಲೇಕ್ ಆಫ್ ದಿ ವುಡ್ಸ್‌ಗೆ

ಮಿನ್ನೆಸೋಟದಲ್ಲೇ ಬೇಕಾದಷ್ಟು ಸರೋವರಗಳಿರುವಾಗ ಮೀನು ಹಿಡಿಯಲು ಕೆನಡಾಕ್ಕೆ ಯಾಕೆ ಹೋಗ್ತೀರಿ ಅಂತ ಕೇಳುವವರು ಜಾಸ್ತಿ. ಅಮೆರಿಕ, ಕೆನಡಾ ಎರಡಕ್ಕೂ ಸೇರಿದ ಲೇಕ್ ಆಫ್ ದಿ ವುಡ್ಸ್ ಸರೋವರದ ಒಂಟಾರಿಯೊ (ಕೆನಡಾದ ಪ್ರಾಂತ್ಯ) ಭಾಗವನ್ನು ಒಮ್ಮೆ ನೋಡಿದರೆ ಸಾಕು, ಆಮೇಲೆ ಈ ಪ್ರಶ್ನೆ ಬರುವುದಿಲ್ಲ. ಈ ಸರೋವರದಲ್ಲಿ 14 ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ. ಮಿನ್ನೆಸೋಟದ ಕಡೆ ಬಹುಪಾಲು ಬಯಲು ನೀರು. ಬಂಡೆ, ಸಂದಿ, ಗಾಳಿ ತಾಗದ ಮೂಲೆ ಎಲ್ಲ ಗಡಿಯ ಆಚೆ. ಮಲ್ಪೆ ಕಡೆಯ ಗೆಳೆಯನ ಜೊತೆ ಜೂನ್‌ನಲ್ಲಿ ಕಾರಿನಲ್ಲೇ ಹೋಗಿ ಬಂದೆ. ಇಂಥ ಪ್ರವಾಸ ಚೆನ್ನಾಗಿ ಆಗಬೇಕಾದರೆ ಅರ್ಧ ಕೆಲಸ ಮನೆಯಲ್ಲೇ ಮುಗಿದಿರಬೇಕು. ಅದಕ್ಕೇ ಮೊದಲು ಕಾಗದಪತ್ರದ ಮಾತು.

ನನ್ನದು ಗ್ರೀನ್ ಕಾರ್ಡ್ (ಅಮೆರಿಕದ ಕಾಯಂ ವಾಸದ ಪರವಾನಗಿ), ಗೆಳೆಯನದು ಎಚ್-1ಬಿ (ಅಲ್ಲಿನ ಕೆಲಸದ ವೀಸಾ). ಇಬ್ಬರಿಗೂ ನಿಯಮ ಬೇರೆ. ಗ್ರೀನ್ ಕಾರ್ಡ್ ಇದ್ದವರಿಗೆ 2022ರ ಏಪ್ರಿಲ್‌ನಿಂದ ಕೆನಡಾ ವೀಸಾ ಬೇಡ, ಆದರೆ ಕಾರ್ಡಿನ ಜೊತೆ ಚಾಲ್ತಿಯಲ್ಲಿರುವ ಭಾರತದ ಪಾಸ್‌ಪೋರ್ಟ್ ಇರಲೇಬೇಕು. ಎಚ್-1ಬಿಯವರು ಕೆನಡಾದ ವಿಸಿಟರ್ ವೀಸಾ ಮಾಡಿಸಿಕೊಳ್ಳಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಚಳಿಗಾಲದಲ್ಲೇ ಶುರು ಮಾಡಿ. ಗೆಳೆಯನ ಪಾಸ್‌ಪೋರ್ಟಿನಲ್ಲಿದ್ದ ಅಮೆರಿಕ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿತ್ತು. ಐ-94 (ಅಮೆರಿಕಕ್ಕೆ ಬಂದ ದಾಖಲೆ, ಎಲ್ಲಿಯವರೆಗೆ ಇರಬಹುದು ಅಂತ ಹೇಳುವುದು) ಚಾಲ್ತಿಯಲ್ಲಿದ್ದು, ಕೆನಡಾದಲ್ಲಿ 30 ದಿನದೊಳಗೆ ಮಾತ್ರ ಇದ್ದು ಬಂದರೆ, ಹಳೇ ಸ್ಟ್ಯಾಂಪಿನಲ್ಲೇ ವಾಪಸ್ ಬರಲು ಅವಕಾಶವಿದೆ. ಆದರೆ ಅಲ್ಲಿ ಹೊಸ ಸ್ಟ್ಯಾಂಪಿಂಗ್‌ಗೆ ಅರ್ಜಿ ಹಾಕಿದರೆ ಈ ಅವಕಾಶ ಇಲ್ಲ. ಐ-797 (ಎಚ್-1ಬಿ ಮಂಜೂರಾದ ಪತ್ರ), ಐ-94 ಎರಡನ್ನೂ ಮುದ್ರಿಸಿ ಒಂದೇ ಫೈಲಿನಲ್ಲಿಡಿ. ಗಡಿಯಲ್ಲಿ ಐ-94 ತಿರುಗಿ ಕೊಟ್ಟುಬಿಡಬೇಡಿ. ಕಂಪನಿಯ ವಕೀಲರನ್ನು ಒಂದು ಮಾತು ಕೇಳದೆ ಎಚ್-1ಬಿಯವರು ಹೊರಡಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಷ್ಟೇ ದೊಡ್ಡ ಮೀನಾದರೂ ಕೆಲಸಕ್ಕಿಂತ ದೊಡ್ಡದಲ್ಲ ಅಲ್ವಾ?

ಇನ್ನು ಮೀನಿನ ಲೈಸೆನ್ಸ್. ಒಂಟಾರಿಯೊದಲ್ಲಿ ಔಟ್‌ಡೋರ್ಸ್ ಕಾರ್ಡ್, ಅದರ ಮೇಲೆ ಲೈಸೆನ್ಸ್, ಎರಡೂ ಬೇಕು. ಆನ್‌ಲೈನ್‌ನಲ್ಲೇ ಸಿಗುತ್ತವೆ. ಸ್ಪೋರ್ಟ್ ಮತ್ತು ಕನ್ಸರ್ವೇಶನ್ ಅಂತ ಎರಡು ಬಗೆ. ಎರಡನೆಯದರ ಬೆಲೆ ಕಡಿಮೆ, ಇಟ್ಟುಕೊಳ್ಳಬಹುದಾದ ಮೀನೂ ಕಡಿಮೆ. ಒಂದು ಹೊತ್ತಿನ ಊಟಕ್ಕೆ ಹಿಡಿದು ಉಳಿದದ್ದನ್ನು ನೀರಿಗೇ ಬಿಡುವವರಿಗೆ ಅದೇ ಸಾಕು. ನಾವಿಬ್ಬರೂ ಅದನ್ನೇ ತೆಗೆದುಕೊಂಡೆವು. ಒಂಟಾರಿಯೊದ ಮೀನುಗಾರಿಕೆ ವಲಯಗಳಲ್ಲಿ ಈ ಸರೋವರ ಇರುವುದು ವಲಯ 5ರಲ್ಲಿ. ಅಲ್ಲಿ ವಾಲೈ (ನಾವು ಹುಡುಕಿ ಹೋದ ಸಿಹಿನೀರಿನ ಮೀನು) ಹಿಡಿಯುವ ಕಾಲ ಮೇ ತಿಂಗಳ ಮೂರನೇ ಶನಿವಾರ ಶುರು. ಮಿತಿಗಳನ್ನು ಓದುವಾಗ ಈ ಸರೋವರಕ್ಕೇ ಅಂತ ಇರುವ ಪ್ರತ್ಯೇಕ ನಿಯಮಗಳನ್ನೂ ನೋಡಿ.

ಜಾಸ್ತಿ ಜನ ಸಿಕ್ಕಿಬೀಳುವುದು ಎರೆಯ ವಿಷಯದಲ್ಲಿ. ಗಾಳಕ್ಕೆ ಸಿಕ್ಕಿಸುವ ಸಣ್ಣ ಮೀನು, ಜಿಗಣೆ, ಜೀವಂತವಿರಲಿ ಸತ್ತಿರಲಿ, ಒಂಟಾರಿಯೊದೊಳಗೆ ಒಯ್ಯುವಂತಿಲ್ಲ. ಎರೆಹುಳು ಒಯ್ಯಬಹುದು, ಮಣ್ಣಿನಲ್ಲಿಟ್ಟು ಅಲ್ಲ, ಹರಿದ ಕಾಗದದಲ್ಲಿಟ್ಟು. ಒಂದು ಕೆರೆಯ ರೋಗ, ಹೊರಗಿನ ಜೀವಿ ಇನ್ನೊಂದಕ್ಕೆ ಹೋಗಬಾರದು ಅಂತ ಈ ಕಟ್ಟುನಿಟ್ಟು. ಆ ನೀರು ಅಷ್ಟು ಶುದ್ಧವಾಗಿ ಉಳಿದಿರುವುದರ ಹಿಂದೆ ಇಂಥ ನಿಯಮಗಳೂ ಇವೆ, ಮನಸ್ಸಿಟ್ಟು ಪಾಲಿಸಿ. ಎರೆ ಅಲ್ಲೇ ಅಂಗಡಿಯಲ್ಲಿ ಕೊಳ್ಳಿ, ರಸೀದಿ ಬಿಸಾಡಬೇಡಿ.

ದಾರಿ ಸರಳ. ಐ-35 ಹೆದ್ದಾರಿ ಹಿಡಿದು ಕ್ಲೊಕೆ, ಅಲ್ಲಿಂದ ಹೆದ್ದಾರಿ 33, ಆಮೇಲೆ 53. ಮಿನಿಯಾಪೊಲಿಸ್‌ನಿಂದ ಗಡಿಯ ಊರು ಇಂಟರ್‌ನ್ಯಾಶನಲ್ ಫಾಲ್ಸ್‌ಗೆ ಸುಮಾರು ಐದು ಗಂಟೆ. ಪೆಟ್ರೋಲ್ ಈಚೆಯೇ ತುಂಬಿಸಿ. ಗಡಿ ದಾಟುವ ಸೇತುವೆಗೆ ಟೋಲ್ ಇದೆ. ಆಚೆ ಫೋರ್ಟ್ ಫ್ರಾನ್ಸಿಸ್‌ನ ಚೆಕ್‌ಪೋಸ್ಟಿನಲ್ಲಿ ಎಲ್ಲಿಗೆ, ಎಷ್ಟು ದಿನ, ಕಾರು ಯಾರದು, ಬಂದೂಕು ಇದೆಯಾ ಅಂತ ಕೇಳುತ್ತಾರೆ. ಕೇಳಿದ್ದಕ್ಕಷ್ಟೇ ನೇರ ಉತ್ತರ ಕೊಡಿ. ತಿನ್ನುವ ಸಾಮಾನು ಏನಿದೆ ಅಂತ ಹೇಳಿಬಿಡಿ. ಪರ್ಸಿನಲ್ಲಿಟ್ಟುಕೊಳ್ಳುವ ಪೆಪ್ಪರ್ ಸ್ಪ್ರೇ ಕೆನಡಾದಲ್ಲಿ ನಿಷಿದ್ಧ. ಗಾಂಜಾ ಕೆನಡಾದಲ್ಲೂ ಮಿನ್ನೆಸೋಟ ರಾಜ್ಯದ ಕಾನೂನಿನಲ್ಲೂ ಕಾನೂನುಬದ್ಧ, ಅಮೆರಿಕದ ಕೇಂದ್ರ ಕಾನೂನಿನಲ್ಲಿ ಮಾತ್ರ ಅಲ್ಲ; ಗಡಿ ದಾಟಿಸುವುದಂತೂ ಅಪರಾಧ. ಅಲ್ಲಿಂದ ಹೆದ್ದಾರಿ 11, ಆಮೇಲೆ 71ರಲ್ಲಿ ಉತ್ತರಕ್ಕೆ ಹೋದರೆ ಸರೋವರದ ದಂಡೆಯ ಊರು ನೆಸ್ಟರ್ ಫಾಲ್ಸ್. ಸಂಜೆಯ ಮೇಲೆ ಜಿಂಕೆ, ಮೂಸ್ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ರಸ್ತೆಗೆ ಬರುತ್ತವೆ, ಬೆಳಕಿರುವಾಗಲೇ ತಲುಪಿ. ಫೋನ್ ಸಿಗ್ನಲ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ.

ನೀರಿನ ಬದಿಯಲ್ಲೇ ಕ್ಯಾಬಿನ್, ಬಾಡಿಗೆ ದೋಣಿ ಸಿಗುತ್ತವೆ. ದೋಣಿ ಕೊಡುವಾಗ ಸುರಕ್ಷತೆಯ ಪಟ್ಟಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಹಾಳೆ ದೋಣಿಯಲ್ಲೇ ಇರಲಿ, ಲೈಫ್ ಜಾಕೆಟ್ ಮೈಮೇಲಿರಲಿ. ಸೊಳ್ಳೆಗೆ ತಲೆ ಮುಚ್ಚುವ ಬಲೆ ಒಯ್ಯಿರಿ.

ವಾಲೈಗೆ ಕಣ್ಣು ಸೂಕ್ಷ್ಮ. ಅದು ಮೇಯಲು ಬರುವುದು ಬೆಳಗಿನ ಜಾವ, ಮುಸ್ಸಂಜೆ, ಇಲ್ಲವೇ ಗಾಳಿಗೆ ನೀರು ಸ್ವಲ್ಪ ಕದಡಿದಾಗ. ಹದಿನೈದು ಇಪ್ಪತ್ತು ಅಡಿ ಆಳದ ಬಂಡೆಯ ಅಂಚಿನಲ್ಲಿ ಜಿಗ್ (ತಲೆಗೆ ಸೀಸದಂಥ ಭಾರ ಕಟ್ಟಿದ ಗಾಳ) ಇಳಿಸಿ. ತಳ ತಾಗಿದ ಮೇಲೆ ಒಂದು ಗೇಣು ಎತ್ತಿ, ಮತ್ತೆ ಬಿಡಿ. ಅದು ಜಗ್ಗುವುದಿಲ್ಲ, ದಾರ ಸುಮ್ನೆ ಭಾರವಾದಂತಾಗುತ್ತದೆ. "ಎಳೀಬೇಡ ಮಾರಾಯ, ಒಂದು ಕ್ಷಣ ತಡಿ" ಅಂತ ಗೆಳೆಯ ಪಿಸುಗುಟ್ಟುತ್ತಿದ್ದ. ತಡೆದರೆ ಸಿಗುತ್ತಿತ್ತು. ಮೇಲೆ ಬಂದದ್ದು ಬಂಗಾರ ಬೆರೆತ ಹಸಿರು ಮೈ, ಬಾಲದ ಕೆಳತುದಿಯಲ್ಲಿ ಬಿಳಿ ಮಚ್ಚೆ. ಆ ಬಿಳಿ ಮಚ್ಚೆ ನೋಡಿಯೇ ವಾಲೈ ಅಂತ ಗುರುತಿಸುವುದು. ಬೆನ್ನಿನ ಮುಳ್ಳು ಚುಚ್ಚುತ್ತದೆ, ಹುಷಾರು. ಪೈಕ್ (ಚೂಪು ಹಲ್ಲಿನ ಇನ್ನೊಂದು ಮೀನು) ಸಿಕ್ಕಿದರೆ ಬಾಯಿಗೆ ಬೆರಳು ಹಾಕಲೇಬೇಡಿ, ಇಕ್ಕಳ ಬಳಸಿ.

ಮಧ್ಯಾಹ್ನ ಒಂದು ದ್ವೀಪದಲ್ಲಿ ಇಳಿದು ಅಡುಗೆ. ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ, ಉಪ್ಪು, ಹುಣಸೆ ರಸ ಸವರಿ, ರವೆಯಲ್ಲಿ ಹೊರಳಿಸಿ ಗೆಳೆಯ ಕಾವಲಿಯಲ್ಲಿ ಹುರಿದ. ವಾಲೈಗೆ ನೀಸು ವಾಸನೆ ಇಲ್ಲ, ಮುಳ್ಳೂ ಕಡಿಮೆ. ಕಾಣೆ ಮೀನು ತಿಂದು ಬೆಳೆದವನೇ ಅದನ್ನು ಹೊಗಳಿದ. ಹೀಗೆ ಅಲ್ಲೇ ತಿಂದ ಮೀನೂ ಆ ದಿನದ ಲೆಕ್ಕಕ್ಕೆ ಸೇರುತ್ತದೆ, ಮರೆಯಬೇಡಿ. ಹೊರಡುವ ಮುಂಚೆ ಬೆಂಕಿಗೆ ನೀರು ಹೊಯ್ದು, ಬೂದಿ ತಣ್ಣಗಾಗಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ.

ಮನೆಗೆ ತರುವ ಮೀನನ್ನು ಹೋಳು ಮಾಡುವಾಗ ಒಂದೊಂದು ಹೋಳಿಗೂ ಚರ್ಮದ ದೊಡ್ಡ ತುಂಡು ಬಿಡಿ, ಯಾವ ಮೀನು ಅಂತ ಗೊತ್ತಾಗಬೇಕು. ಎಣಿಸಲು ಬರುವಂತೆ ಬೇರೆ ಬೇರೆಯಾಗಿ ಸುತ್ತಿ ಐಸ್ ಪೆಟ್ಟಿಗೆಯ ಮೇಲ್ಭಾಗದಲ್ಲಿಡಿ. ವಾಪಸ್ ಬರುವಾಗ ಲೈಸೆನ್ಸ್ ಕೈಗೆ ಸಿಗುವಂತಿರಲಿ. ಎಷ್ಟು ಮೀನಿದೆ ಅಂತ ಅವರು ಕೇಳುವ ಮೊದಲೇ ಹೇಳಿ.