ಬಾಯಿ ಟಾನಿಕ್ಕು

ಜುಲೈ ತಿಂಗಳಲ್ಲಿ ನಮ್ಮ ಪ್ರೌಢಶಾಲೆಯ ಮೈದಾನದಲ್ಲಿ ಕ್ರಿಕೆಟ್ ಆಡುವ ಮಾತೇ ಇರಲಿಲ್ಲ. ಪಿಚ್ ಇದ್ದ ಜಾಗದಲ್ಲಿ ಕಪ್ಪೆಗಳು ಸಂಸಾರ ಹೂಡಿರುತ್ತಿದ್ದವು. ಹಾಗಾಗಿ ಮಳೆಗಾಲವೆಂದರೆ ನಮಗೆ ಫುಟ್‌ಬಾಲ್. ಶಾಲೆಯ ತೊಗಲಿನ ಚೆಂಡು ನೀರು ಕುಡಿದು ಹಲಸಿನ ಹಣ್ಣಿನಂತೆ ಭಾರವಾಗುತ್ತಿತ್ತು. ಅದಕ್ಕೆ ತಲೆ ಕೊಟ್ಟವನಿಗೆ ಮುಂದಿನ ಪೀರಿಯಡ್ಡಿನ ಗಣಿತ ಹತ್ತುತ್ತಿರಲಿಲ್ಲ. ಕೊಡದವರಿಗೂ ಹತ್ತುತ್ತಿರಲಿಲ್ಲ, ಆ ಮಾತು ಬೇರೆ.

1997ರಲ್ಲಿ ನಾನು ಹತ್ತನೇ ತರಗತಿ, ತಂಡದ ಗೋಲ್‌ಕೀಪರ್. ಜುಲೈ 14ರ ಸಂಜೆ ಪಿ.ಟಿ. ಮೇಷ್ಟ್ರು ಸೀಟಿ ಊದುವುದನ್ನೂ ಮರೆತು, ಪತ್ರಿಕೆ ಹಿಡಿದು ಜಗುಲಿಗೆ ಬಂದರು. ಹಿಂದಿನ ದಿನ ಕಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್ ನಡೆದಿತ್ತು. ಒಂದು ಲಕ್ಷ ಮೂವತ್ತು ಸಾವಿರ ಜನರ ಮುಂದೆ ಈಸ್ಟ್ ಬೆಂಗಾಲ್ ಮೋಹನ್ ಬಾಗಾನ್ ತಂಡವನ್ನು 4–1ರಿಂದ ಸೋಲಿಸಿತ್ತು. ಮೂರು ಗೋಲು ಬೈಚುಂಗ್ ಭುಟಿಯಾನದು. ನಾವು ಭುಟಿಯಾನ ಬಗ್ಗೆ ಕೇಳಿದರೆ ಮೇಷ್ಟ್ರು ತಲೆ ಕೊಡವಿದರು. “ಅವನದು ಕಾಲು. ಹಿಂದೆ ಬಾಯಿ ಒಂದಿದೆ, ಅದು ಪಿ.ಕೆ. ಬ್ಯಾನರ್ಜಿಯದು” ಎಂದರು. ಪಿ.ಕೆ. ಆಗ ಈಸ್ಟ್ ಬೆಂಗಾಲ್‌ನ ತರಬೇತುದಾರರು.

ಮಳೆ ಬಿಡದ ಆ ತಿಂಗಳಿಡೀ ಜಗುಲಿಯ ಮೇಲೆ ಪ್ರದೀಪ್ ಕುಮಾರ್ ಬ್ಯಾನರ್ಜಿಯವರ ಪುರಾಣ ಕಂತು ಕಂತಾಗಿ ನಡೆಯಿತು. 1936ರಲ್ಲಿ ಜಲ್ಪೈಗುರಿಯಲ್ಲಿ ಹುಟ್ಟಿ ಜಮ್‌ಶೆಡ್‌ಪುರದಲ್ಲಿ ಬೆಳೆದ ಹುಡುಗ. ಇಪ್ಪತ್ತರ ಹರೆಯದಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ. ಅಲ್ಲಿ ಭಾರತಕ್ಕೆ ನಾಲ್ಕನೇ ಸ್ಥಾನ. 1960ರ ರೋಮ್‌ನಲ್ಲಿ ಅವರೇ ನಾಯಕ. ಫ್ರಾನ್ಸ್ ವಿರುದ್ಧ 1–1ಕ್ಕೆ ಸಮವಾದ ಪಂದ್ಯದಲ್ಲಿ ಭಾರತದ ಗೋಲೂ ಅವರದೇ. ಮರುವರ್ಷ ಅರ್ಜುನ ಪ್ರಶಸ್ತಿ ಶುರುವಾದಾಗ ಫುಟ್‌ಬಾಲ್‌ನಿಂದ ಮೊದಲು ಪಡೆದವರೂ ಅವರೇ. ಇಷ್ಟೆಲ್ಲ ಆದರೂ ಆಟಗಾರನಾಗಿ ಅವರು ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಜೆರ್ಸಿ ತೊಡಲೇ ಇಲ್ಲ. ಈಸ್ಟರ್ನ್ ರೈಲ್ವೆಯಲ್ಲೇ ಉಳಿದು, 1958ರಲ್ಲಿ ಆ ದೊಡ್ಡ ತಂಡಗಳನ್ನೆಲ್ಲ ಹಿಂದೆ ಹಾಕಿ ಕಲ್ಕತ್ತ ಲೀಗ್ ಗೆದ್ದರು. ಇದನ್ನು ಹೇಳುವಾಗ ಮೇಷ್ಟ್ರ ಎದೆ ಉಬ್ಬುತ್ತಿತ್ತು. ಅವರ ಅಪ್ಪ ರೈಲ್ವೆ ಗ್ಯಾಂಗ್‌ಮನ್ ಆಗಿದ್ದರು.

ಮೇಷ್ಟ್ರಿಗೆ ಅತಿ ಪ್ರಿಯವಾದ ಕಂತು 1962ರ ಜಕಾರ್ತ ಏಷ್ಯನ್ ಗೇಮ್ಸ್. ದಕ್ಷಿಣ ಕೊರಿಯಾ ವಿರುದ್ಧ ಮೊದಲ ಪಂದ್ಯದಲ್ಲೇ 0–2 ಸೋಲು. ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ. ರಾಜಕೀಯದ ಜಗಳದಿಂದ ಕ್ರೀಡಾಂಗಣವಿಡೀ ಭಾರತದ ವಿರುದ್ಧ ಅರಚುತ್ತಿದೆ. ತಲೆಗೆ ಪೆಟ್ಟಾಗಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್‌ನನ್ನು ತರಬೇತುದಾರ ಸೈಯದ್ ಅಬ್ದುಲ್ ರಹೀಂ ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಮೊದಲು ಪಿ.ಕೆ. ಗೋಲು, ಹಿಂದೆಯೇ ಜರ್ನೈಲ್ ಗೋಲು, 2–1, ಚಿನ್ನ. ಕ್ಯಾನ್ಸರ್‌ನಿಂದ ನರಳುತ್ತಿದ್ದ ರಹೀಂ ಮುಂದಿನ ಜೂನ್‌ನಲ್ಲಿ ತೀರಿಕೊಂಡರು. “ಮಾತಿನಿಂದ ಆಟಗಾರನನ್ನು ಎಬ್ಬಿಸುವುದನ್ನು ಪಿ.ಕೆ. ಅಲ್ಲಿ ಕಲಿತದ್ದು” ಎಂಬುದು ಮೇಷ್ಟ್ರ ವಾದ.

ಗಾಯಗಳ ಕಾಟದಿಂದ 1967ರಲ್ಲಿ ಆಟ ಬಿಟ್ಟ ಪಿ.ಕೆ. ಮೂರೇ ವರ್ಷದಲ್ಲಿ, ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ಗೆ ಹೋದ ತಂಡದ ತರಬೇತಿಯಲ್ಲಿ ಕೈಜೋಡಿಸಿದ್ದರು. ಜಪಾನನ್ನು 1–0ರಿಂದ ಸೋಲಿಸಿ ಕಂಚು ಬಂತು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಅದೇ ಕೊನೆಯ ಪದಕ. 1982ರ ದೆಹಲಿಯಲ್ಲಿ ಮತ್ತೆ ಅವರದೇ ತಂಡ. ಕ್ವಾರ್ಟರ್ ಫೈನಲ್‌ನ ಕೊನೆಯ ಗಳಿಗೆಯಲ್ಲಿ ಸೌದಿ ಅರೇಬಿಯಾ ಗೋಲು ಹೊಡೆಯಿತು. ಈ ಕಂತನ್ನು ಮೇಷ್ಟ್ರು ಎರಡೇ ವಾಕ್ಯದಲ್ಲಿ ಮುಗಿಸಿ ಚೆಂಡಿಗೆ ಗಾಳಿ ಹಾಕಲು ಎದ್ದರು. ನನಗನ್ನಿಸುವಂತೆ, ತಾವು ಎಂದೂ ಆಡದ ಆ ಎರಡು ಕ್ಲಬ್‌ಗಳಲ್ಲೇ ಪಿ.ಕೆ.ಯವರ ತರಬೇತಿ ಹೆಚ್ಚು ಫಲ ಕೊಟ್ಟಿತು. ವರ್ಷವಿಡೀ ಜೊತೆಗಿರುವ ಹುಡುಗನಿಗೆ ಯಾವ ಮಾತು ನಾಟುತ್ತದೆಂದು ಗೊತ್ತಿರುತ್ತದೆ. ಶಿಬಿರಕ್ಕೆಂದು ಬಂದು ಹೋಗುವವನದು ಗೊತ್ತಾಗುವುದು ಕಷ್ಟ. ಬಂಗಾಳದಲ್ಲಿ ಆ ಮಾತಿಗೆ ‘ವೋಕಲ್ ಟಾನಿಕ್’ ಎಂದೇ ಹೆಸರು. ನಮ್ಮ ಮೇಷ್ಟ್ರು ಅದನ್ನು ‘ಬಾಯಿ ಟಾನಿಕ್ಕು’ ಎಂದು ಕನ್ನಡಕ್ಕಿಳಿಸಿದ್ದರು.

ಅದನ್ನು ನಮ್ಮ ಮೇಲೆ ಪ್ರಯೋಗಿಸಿದ್ದು ಆಗಸ್ಟ್‌ನಲ್ಲಿ, ತಾಲ್ಲೂಕು ಮಟ್ಟದ ಫೈನಲ್‌ನಲ್ಲಿ. ಅರ್ಧ ಆಟಕ್ಕೆ ನಾವು 0–2. ಎರಡನೆಯದು ನನ್ನ ಎರಡು ಕಾಲುಗಳ ನಡುವೆಯೇ ನುಸುಳಿ ಹೋಗಿತ್ತು. ಮೇಷ್ಟ್ರು ಉಪ್ಪು ಸವರಿದ ನಿಂಬೆಹೋಳುಗಳ ತಟ್ಟೆ ಹಿಡಿದು ಒಬ್ಬೊಬ್ಬನ ಬಳಿಯೂ ಕುಕ್ಕರಗಾಲಿನಲ್ಲಿ ಕುಳಿತರು. ನನ್ನ ಸರದಿ ಬಂದಾಗ ಗೋಲಿನ ಸುದ್ದಿಯನ್ನೇ ಎತ್ತಲಿಲ್ಲ. ಕೆಸರು ಹತ್ತಿದ ನನ್ನ ಅಂಗೈಗಳನ್ನು ತಮ್ಮ ಬಿಳಿ ಪಂಚೆಯಲ್ಲಿ ಒರೆಸಿ, ಕಿವಿಯಲ್ಲಿ, “ಬೇರೆಯವರಿಗೆ ಹೇಳಬೇಡ. ಈ ಪಂದ್ಯ ನಿಂತಿರುವುದು ನಿನ್ನೊಬ್ಬನ ಮೇಲೆ” ಎಂದರು. ನಾವು ಒಂದು ಗೋಲು ಹೊಡೆದೆವು, ಅವರಿಗೆ ಇನ್ನೊಂದು ಸಿಗಲಿಲ್ಲ, ಸೋತೆವು. ವರ್ಷಗಳ ನಂತರ ಮದುವೆಯೊಂದರಲ್ಲಿ ಸೇರಿದಾಗ ತಿಳಿಯಿತು: ಹನ್ನೊಂದು ಮಂದಿಗೂ ಅದೇ ಗುಟ್ಟು. ಬೆಂಚಿನ ಮೇಲಿದ್ದ ಇಬ್ಬರಿಗೂ!

2020ರ ಮಾರ್ಚ್ 20ರಂದು ಪಿ.ಕೆ. ತೀರಿಕೊಂಡ ಸುದ್ದಿ ಓದಿ ಮೇಷ್ಟ್ರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಬಹಳ ಕಾಲವಾಗಿತ್ತು, ಕಿವಿ ಮಂದ. ಜಕಾರ್ತದ ಫೈನಲನ್ನು ಮತ್ತೊಮ್ಮೆ ಮೊದಲಿನಿಂದ ಹೇಳಿದರು. ನಾನು ಫೋನ್ ಇಡುತ್ತೇನೆ ಎಂದಾಗ ಸ್ವಲ್ಪ ತಡೆದು, “ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಆ ಎರಡನೇ ಗೋಲು ನೀನು ಹಿಡಿಯಬಹುದಾಗಿತ್ತಲ್ಲವೇನೋ?” ಎಂದರು.