‘ಹಿಂದೆ ಜಾಗ ಇದೆ, ಹಿಂದೆ ಹೋಗಿ’

ನಾನು ಸ್ಪೀಚ್ ಥೆರಪಿಸ್ಟ್. ವಾರಕ್ಕೆ ಮೂರು ದಿನ ತೀರ್ಥಹಳ್ಳಿ, ಹೊಸನಗರ ಕಡೆಯ ಶಾಲೆಗಳಿಗೆ ಹೋಗುತ್ತೇನೆ. ಆಟಿಸಂ ಇರುವ ಮಕ್ಕಳಿಗೆ ವರ್ಷದ ಗುರಿಗಳನ್ನು ಬರೆಯುವುದು ನನ್ನ ಕೆಲಸದ ದೊಡ್ಡ ಭಾಗ. ಐಇಪಿ ಅಂತೀವಲ್ಲ, ಆ ಹಾಳೆ. ಅದನ್ನು ನಾನು ಎಷ್ಟೋ ವರ್ಷ ತಪ್ಪಾಗಿ ಬರೆದಿದ್ದೇನೆ. ತಿದ್ದಿದ್ದು ಒಬ್ಬ ಹುಡುಗ ಮತ್ತು ಅವನ ಅಮ್ಮ.

ನಾಲ್ಕನೇ ಕ್ಲಾಸಿನ ಹುಡುಗ. ಅವನಿಗೆ ಬರೆದ ಮೊದಲ ಹಾಳೆ ಈಗಲೂ ನನ್ನ ಫೈಲಿನಲ್ಲಿದೆ. ಮೂರು ಗುರಿಗಳು. ಮಾತಾಡುವಾಗ ಹತ್ತರಲ್ಲಿ ಎಂಟು ಸಲ ಎದುರಿನವರ ಕಣ್ಣು ನೋಡಬೇಕು. ಅರ್ಥವಿಲ್ಲದ ಮಾತನ್ನು ಮತ್ತೆ ಮತ್ತೆ ಹೇಳುವುದು ಕಡಿಮೆಯಾಗಬೇಕು. ಕಿವಿ ಮುಚ್ಚಿಕೊಳ್ಳದೆ ಕ್ಲಾಸಿನಲ್ಲಿ ಕೂರಬೇಕು.

ಮೊದಲನೆಯದು ಮೂರೇ ತಿಂಗಳಲ್ಲಿ ಆಯಿತು. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ಆದರೆ ಮಾತು ನಿಂತಿತ್ತು. ಮುಂಚೆ ಕಿಟಕಿಯಾಚೆ ನೋಡುತ್ತಾ ಚಿತ್ರದಲ್ಲಿರುವುದನ್ನೆಲ್ಲ ಹೇಳುತ್ತಿದ್ದವನು ಈಗ ನನ್ನನ್ನು ನೋಡುತ್ತಾ ಸುಮ್ಮನೆ ಕೂತಿರುತ್ತಿದ್ದ. ಕಣ್ಣು ನೋಡಬೇಕಾದರೆ ಕೇಳಿಸಿಕೊಳ್ಳುವುದು ಕಷ್ಟ ಎಂದು ಆಟಿಸಂ ಇರುವ ಎಷ್ಟೋ ಮಂದಿ ದೊಡ್ಡವರಾದ ಮೇಲೆ ಹೇಳಿದ್ದಾರೆ. ಅದನ್ನು ನಾನು ಓದಿದ್ದು ಆಮೇಲೆ. ಹಾಳೆಯಲ್ಲಿ ‘ಗುರಿ ಸಾಧಿಸಿದ್ದಾನೆ’ ಅಂತ ಬರೆದು ಸಹಿ ಹಾಕಿ ಆಗಿತ್ತು.

ಎರಡನೆಯದು ಇನ್ನೂ ದೊಡ್ಡ ತಪ್ಪು. ಅವನು ದಿನಾ ಬಸ್ಸಿನಲ್ಲಿ ಬರುವವನು. ಕಂಡಕ್ಟರ್ ಹೇಳುವ ‘ಹಿಂದೆ ಜಾಗ ಇದೆ, ಹಿಂದೆ ಹೋಗಿ’ ಅನ್ನುವ ಮಾತನ್ನು ಅದೇ ರಾಗದಲ್ಲಿ ದಿನಕ್ಕೆ ಹತ್ತಾರು ಸಲ ಹೇಳುತ್ತಿದ್ದ. ಇದಕ್ಕೆ ಎಕೋಲೇಲಿಯ ಅಂತ ಹೆಸರು. ನಿಲ್ಲಿಸಬೇಕಾದ ಅಭ್ಯಾಸ ಅಂದುಕೊಂಡಿದ್ದೆ. ಅವನ ಅಮ್ಮ ಒಂದು ದಿನ ಜಗಲಿಯಲ್ಲಿ ನಿಲ್ಲಿಸಿ ಕೇಳಿದರು: “ಮೇಡಂ, ಅದನ್ಯಾಕೆ ಬಿಡಿಸ್ತೀರಿ? ಅವನು ಸುಮ್ನೆ ಹೇಳೋದಲ್ಲ. ಯಾರಾದ್ರೂ ಮೈಮೇಲೆ ಬಿದ್ದಂಗೆ ಹತ್ರ ಬಂದ್ರೆ ಮಾತ್ರ ಹೇಳ್ತಾನೆ.”

ಆ ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ನಿಂತು ನೋಡಿದೆ. ತಟ್ಟೆ ಹಿಡಿದ ಮಕ್ಕಳು ಹಿಂದಿನಿಂದ ಒತ್ತಿದರು. ‘ಹಿಂದೆ ಜಾಗ ಇದೆ, ಹಿಂದೆ ಹೋಗಿ.’ ಯಾರೂ ಸರಿಯಲಿಲ್ಲ. ಇನ್ನೊಂದು ಸಲ ಹೇಳಿದ, ಜೋರಾಗಿ. ಆಮೇಲೆ ತಟ್ಟೆ ಎಸೆದ. ತಟ್ಟೆ ಎಸೆಯುವುದು ಅವನ ಫೈಲಿನಲ್ಲಿ ಮೊದಲೇ ಇತ್ತು, ‘ಕಾರಣವಿಲ್ಲದೆ ಸಿಟ್ಟು’ ಎಂದು. ಎರಡು ಸಲ ಸರಿಯಾದ ಜಾಗದಲ್ಲಿ, ಸರಿಯಾದ ಮಾತನ್ನೇ ಹೇಳಿದ್ದ ಅಲ್ವಾ?

ಎಷ್ಟೋ ದಿನದ ಹಿಂದೆ ಕೇಳಿದ ಮಾತನ್ನು ಹೀಗೆ ಹೇಳುವುದರ ಹಿಂದೆ 14 ಬಗೆಯ ಉದ್ದೇಶಗಳಿವೆ ಎಂದು 1984ರಲ್ಲೇ ಬ್ಯಾರಿ ಪ್ರಿಜೆಂಟ್ ಮತ್ತು ಪ್ಯಾಟ್ರಿಕ್ ರೈಡೆಲ್ ಗುರುತಿಸಿದ್ದರು. ಕೇಳುವುದು, ಬೇಡ ಅನ್ನುವುದು ಎಲ್ಲ ಅದರಲ್ಲಿವೆ. 2012ರಲ್ಲಿ ಡೇಮಿಯನ್ ಮಿಲ್ಟನ್ ಇನ್ನೊಂದು ಮಾತು ಹೇಳಿದರು. ಅವರು ಸ್ವತಃ ಆಟಿಸಂ ಇರುವ ಸಂಶೋಧಕರು. ಅರ್ಥವಾಗದಿರುವುದು ಎರಡೂ ಕಡೆಯ ತೊಂದರೆ; ನಾವು ಅವರಿಗೆ ಅರ್ಥವಾಗದಷ್ಟೇ ಅವರೂ ನಮಗೆ ಅರ್ಥವಾಗಿರುವುದಿಲ್ಲ ಎಂದು. ಹಾಗಿದ್ದ ಮೇಲೆ ಗುರಿ ಹುಡುಗನೊಬ್ಬನಿಗೇ ಯಾಕೆ?

ಹಾಳೆಯನ್ನು ಮತ್ತೆ ಬರೆದೆ. ಕಣ್ಣಿನ ಗುರಿ ತೆಗೆದುಹಾಕಿದೆ. ಎರಡನೆಯದು ಹೀಗಾಯಿತು: ಯಾರಾದರೂ ತೀರಾ ಹತ್ತಿರ ಬಂದಾಗ ಅವನು ತನಗೆ ಬರುವ ರೀತಿಯಲ್ಲಿ, ಅಂದರೆ ಬಸ್ಸಿನ ಮಾತಲ್ಲೋ ಕೈ ತೋರಿಸಿಯೋ ಕಾರ್ಡಿನಲ್ಲೋ, ದೂರ ಹೋಗಿ ಎಂದು ತಿಳಿಸುತ್ತಾನೆ. ಅದರ ಕೆಳಗೇ ಇನ್ನೊಂದು ಸಾಲು: ಹತ್ತಿರ ಇರುವ ಟೀಚರ್ ಮತ್ತು ಮಕ್ಕಳು ಸರಿದು ಜಾಗ ಬಿಡುತ್ತಾರೆ.

ಮೂರನೆಯದಕ್ಕೆ ಮಳೆಗಾಲ ಬರಬೇಕಾಯಿತು. ಅವನ ಕ್ಲಾಸಿನ ಹೊಸ ಕೋಣೆಗೆ ತಗಡಿನ ಶೀಟು. ಜುಲೈ ಮಳೆ ಅದರ ಮೇಲೆ ಬಿದ್ದರೆ ಪಾಠ ಮಾಡುವವರೇ ಬಾಯಿ ಮುಚ್ಚಬೇಕು. ಅಂಥ ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು ಬುದ್ಧಿವಂತಿಕೆ. ಹಳೇ ಕಟ್ಟಡಕ್ಕೆ ಹಂಚಿನ ಮಾಡು, ಅಲ್ಲಿ ಸದ್ದು ಎಷ್ಟೋ ಕಡಿಮೆ. ‘ಸದ್ದು ಜಾಸ್ತಿ’ ಅನ್ನುವ ಕಾರ್ಡು ತೋರಿಸಿ ಪುಸ್ತಕ ತಗೊಂಡು ಅಲ್ಲಿಗೆ ಹೋಗುವುದು ಅವನ ಗುರಿ. ತಡೆಯದೆ ಕಳಿಸುವುದು ನಮ್ಮದು.

“ಇದನ್ನೆಲ್ಲ ಅಳೆಯೋದು ಹೆಂಗೆ?” ಅಂತ ಹೆಡ್‌ಮಾಸ್ಟರ್ ಕೇಳಿದರು. ಒಳ್ಳೆಯ ಪ್ರಶ್ನೆ. ಎರಡು ಕಾಲಂ ಹಾಕಿದೆವು. ಅವನು ಕೇಳಿದ್ದು ಎಷ್ಟು ಸಲ, ನಾವು ಒಪ್ಪಿದ್ದು ಎಷ್ಟು ಸಲ. ಮೊದಲ ವಾರ ಕೇಳಿದ್ದು 9, ಒಪ್ಪಿದ್ದು 3. ಆ ಹಾಳೆ ನೋಡಿ ಕ್ಲಾಸ್ ಟೀಚರ್ ತುಂಬ ಹೊತ್ತು ಮಾತಾಡಲಿಲ್ಲ. ಎರಡು ತಿಂಗಳ ಮೇಲೆ ಒಂದು ವಾರದ ಲೆಕ್ಕ ಕೇಳಿದ್ದು 12, ಒಪ್ಪಿದ್ದು 11. ಆ ಎರಡು ತಿಂಗಳಲ್ಲಿ ತಟ್ಟೆ ಹಾರಿದ್ದು ಒಂದೇ ಸಲ.

ಹಾಗಂತ ಎಲ್ಲವನ್ನೂ ಅವನಿಷ್ಟಕ್ಕೆ ಬಿಟ್ಟಿಲ್ಲ. ರಸ್ತೆಗೆ ಓಡುವುದು, ಕೈ ಕಚ್ಚಿಕೊಳ್ಳುವುದು, ಇವುಗಳ ಮೇಲೆ ಈಗಲೂ ಕೆಲಸ ಮಾಡುತ್ತೇವೆ. ಅವನಿಗೆ ಪೆಟ್ಟಾಗುತ್ತದೆ, ಅದಕ್ಕೆ.

ಶಾಲೆಯವರಿಗೆ ಇದು ದೊಡ್ಡ ಉಪಕಾರ ಮಾಡಿದಂತೆ ಅನ್ನಿಸಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನೂ ಒಳಗೊಂಡಿದೆ. ಮಗುವಿನ ಅಗತ್ಯಕ್ಕೆ ತಕ್ಕಂತೆ ಶಾಲೆ ಅನುಕೂಲ ಮಾಡಿಕೊಡಬೇಕು ಎಂದು ಅದರಲ್ಲೇ ಇದೆ. ಹಂಚಿನ ಕೋಣೆಗೆ ಹೋಗಲು ಬಿಡುವುದು ಆ ಅನುಕೂಲ, ಅಷ್ಟೇ.

ಈಗ ಅವನ ಅಮ್ಮ ಒಂದು ಪಟ್ಟಿ ಮಾಡುತ್ತಿದ್ದಾರೆ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ. ಎಡಗಡೆ ಅವನ ಮಾತು, ಬಲಗಡೆ ಅದರ ಅರ್ಥ. ‘ಟಿಕೆಟ್ ಟಿಕೆಟ್’ ಅಂದರೆ ನನ್ನ ಸರದಿ. ‘ಚಿಲ್ಲರೆ ಕೊಡಿ’ ಅಂದರೆ ಅರ್ಧ ಸಾಕು. ಒಟ್ಟು 11 ಸಾಲು. ಅದರ ಒಂದು ಪ್ರತಿ ಕ್ಲಾಸಿನ ಗೋಡೆಯ ಮೇಲಿದೆ, ಮಕ್ಕಳೂ ಓದುತ್ತಾರೆ. ಎರಡು ಸಾಲಿಗೆ ಮಾತ್ರ ಬಲಗಡೆ ಖಾಲಿ. ‘ಲೈಟ್ ಹಾಕಿ ಸ್ವಲ್ಪ’ ಅಂತ ಹಗಲು ಹೊತ್ತಲ್ಲೇ ಹೇಳುತ್ತಾನೆ, ಗುರುವಾರ ಜಾಸ್ತಿ. ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ. ಈ ಅವಧಿಯ ಹಾಳೆಯಲ್ಲಿ ಅದನ್ನು ಕಂಡುಹಿಡಿಯುವ ಗುರಿ ನನ್ನ ಹೆಸರಿನ ಮುಂದೆ ಇದೆ.