ಮಳೆಗೆ ಮೊದಲು ಡಾಂಬರು

ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟ ಇಳಿಯುವಾಗಲೆಲ್ಲ ನನ್ನ ತಲೆಯಲ್ಲಿ ಟಿಪ್ಪರ್‌ಗಳ ಲೆಕ್ಕವೇ ಸುತ್ತುತ್ತದೆ. ಪ್ಲಾಂಟ್‌ನಿಂದ ಸುಮಾರು 150 ಡಿಗ್ರಿ ಬಿಸಿಯಲ್ಲಿ ಟಿಪ್ಪರ್ ಏರಿ ಹೊರಡುವ ಡಾಂಬರು ಮಿಶ್ರಣವನ್ನು ಪೇವರ್ ಯಂತ್ರ ಹರಡಿ, ಅದು 90 ಡಿಗ್ರಿಯ ಆಸುಪಾಸಿಗೆ ಇಳಿಯುವ ಮೊದಲೇ ರೋಲರ್ ಅದುಮಿ ಮುಗಿಸಬೇಕು. ತಿರುವಿನಲ್ಲಿ ಒಂದು ಟಿಪ್ಪರ್ ಸಿಕ್ಕಿಕೊಂಡರೆ ಪೇವರ್, ರೋಲರ್ ಎರಡೂ ನಿಲ್ಲುತ್ತವೆ. ಬಾಡಿಗೆ ಮಾತ್ರ ಓಡುತ್ತಲೇ ಇರುತ್ತದೆ. ಪೇವರ್ ನಿಂತಲ್ಲಿ ರಸ್ತೆಗೆ ಉಬ್ಬುತಗ್ಗು ಬೇರೆ! ತುಂಬಿ, ಹೋಗಿ, ಸುರಿದು, ಮರಳಲು ಹಿಡಿಯುವ ಸಮಯ ನೋಡಿಯೇ ಟಿಪ್ಪರ್ ಎಷ್ಟೆಂದು ನಿರ್ಧರಿಸಬೇಕು. ಘಟ್ಟದ ಕೆಲಸಕ್ಕೆ ಒಂದು ಹೆಚ್ಚುವರಿ ಗಾಡಿಯ ಖರ್ಚು ಸಾರ್ಥಕ ಎಂದೇ ನನ್ನ ನಂಬಿಕೆ. ಜೂನ್‌ನಲ್ಲಿ ಮಳೆ ಹಿಡಿದರೆ ಡಾಂಬರು ಕೆಲಸ ಬಂದ್. ಅಷ್ಟರೊಳಗೆ ಮೋರಿ, ಚರಂಡಿ ಮುಗಿಯದಿದ್ದರೆ ಹಾಕಿದ ಡಾಂಬರೂ ಉಳಿಯುವುದಿಲ್ಲ. ಖರ್ಚು ಇಳಿಸಲು ಹೊರಟವರು ಮೊದಲು ಚರಂಡಿಗೇ ಕತ್ತರಿ ಹಾಕುವುದನ್ನು ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ.